ಜಾಲರಿಗೆ ಎರಡನೇ ಪದರ ಹಾಕಿದ ನನ್ನ ಜಾಣತನ

ಕಿಟಕಿಯ ಜಾಲರಿ ಮೇಲೆ ಬೆರಳಾಡಿಸಿದರೆ ಬೆರಳ ತುದಿ ಕಪ್ಪಾಗುತ್ತದಲ್ಲ, ಆ ಕಪ್ಪು ನೋಡಿದಾಗಲೆಲ್ಲ ನನಗೆ ಒಂಥರಾ ಸಮಾಧಾನ. ಇಷ್ಟು ಕೊಳೆ ನಮ್ಮ ಮೂಗಿನೊಳಗೆ ಹೋಗಬೇಕಿತ್ತು, ಪಾಪ, ಇದು ಹಿಡಿದಿಟ್ಟುಕೊಂಡಿದೆ ಅನ್ನಿಸುತ್ತಿತ್ತು. ಜಾಲರಿ ಕೊಳೆಯಾದಷ್ಟೂ ಅದು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದೇ ಲೆಕ್ಕ. ಹಾಗಾಗಿ ತೊಳೆಯುವ ಗೋಜಿಗೂ ಹೋಗುತ್ತಿರಲಿಲ್ಲ. ಸೋಮಾರಿತನಕ್ಕೆ ಇಷ್ಟು ಒಳ್ಳೆಯ ನೆಪ ಬೇರೆ ಎಲ್ಲಿ ಸಿಗುತ್ತದೆ?

ನಾನು ಬಟ್ಟೆ ಗಿರಣಿಯೊಂದರ ಕ್ವಾಲಿಟಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತಳಾದವಳು. ನಮ್ಮ ಜೇಬಿನಲ್ಲಿ ಸದಾ ಒಂದು ಪಿಕ್ ಗ್ಲಾಸ್ ಇರುತ್ತಿತ್ತು. ಮಡಚಿದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಬಿಡಿಸಿದರೆ ಭೂತಗನ್ನಡಿ. ಅದನ್ನು ಬಟ್ಟೆಯ ಮೇಲೆ ನಿಲ್ಲಿಸಿ ಇಂಚಿಗೆ ಉದ್ದಕ್ಕಿರುವ ಹಾಸು ಎಷ್ಟೆಳೆ, ಅಡ್ಡಕ್ಕಿರುವ ಹೊಕ್ಕು ಎಷ್ಟೆಳೆ ಎಂದು ಎಣಿಸುವುದೇ ದಿನದ ಕೆಲಸ. ಕಂಡವರ ಬಟ್ಟೆಯನ್ನೆಲ್ಲ ಎಣಿಸಿದವಳು ನನ್ನ ಮನೆಯ ಕಿಟಕಿಗೆ ಹೊದಿಸಿದ ಬಟ್ಟೆಯನ್ನು ಮಾತ್ರ ಒಮ್ಮೆಯೂ ಎಣಿಸಿರಲಿಲ್ಲ.

ಎರಡು ವರ್ಷದ ಹಿಂದೆ ಎದುರಿನ ಖಾಲಿ ಜಾಗದಲ್ಲಿ ಮನೆ ಕಟ್ಟಲು ಶುರುಮಾಡಿದರು. ಸಿಮೆಂಟು, ಮರಳು, ಕಲ್ಲು ಕೊಯ್ಯುವ ಮಿಷನ್ನು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಹೆಸರು ಬರೆಯಬಹುದಾದಷ್ಟು ಧೂಳು. ಆಗ ನನ್ನ ತಲೆಗೆ ಹೊಳೆದದ್ದು ಎರಡನೇ ಪದರ. ಇನ್ನೂ ಸಣ್ಣ ಕಣ್ಣಿನ ಜಾಲರಿ ತಂದು, ಅಂಚಿಗೆ ನಾನೇ ವೆಲ್ಕ್ರೋ ಹೊಲಿದು, ಮಲಗುವ ಕೋಣೆಯ ಕಿಟಕಿಗೆ ಹಳೆಯದರ ಹಿಂದೆಯೇ ಅಂಟಿಸಿದೆ. ಹೊಲಿಗೆ ಬಹಳ ನೀಟಾಗಿ ಬಂದಿತ್ತು. ಯಜಮಾನರೂ ಮೆಚ್ಚಿದರು. ಅವರು ಮೆಚ್ಚುವುದು ಅಪರೂಪ, ಅದಕ್ಕೇ ನೆನಪಿದೆ.

ಎದುರು ಮನೆ ಕಟ್ಟಿ ಮುಗಿಯಿತು, ಗೃಹಪ್ರವೇಶವೂ ಆಯಿತು. ನನ್ನ ಎರಡನೇ ಪದರ ಅಲ್ಲೇ ಉಳಿಯಿತು.

ಅಷ್ಟರಲ್ಲಿ ನಮ್ಮ ಕೋಣೆಗೆ ಒಂದು ವಾಸನೆ ಬಂದಿತ್ತು. ಕೆಟ್ಟ ವಾಸನೆಯಲ್ಲ, ರಾತ್ರಿ ಹೊದ್ದ ಹೊದಿಕೆಯೊಳಗೆ ತಲೆ ತೂರಿಸಿದರೆ ಬರುವಂಥದ್ದು. ಒಳಗಿದ್ದವರಿಗೆ ಗೊತ್ತಾಗುವುದಿಲ್ಲ, ಬೆಳಿಗ್ಗೆ ಹೊರಗೆ ಹೋಗಿ ಮತ್ತೆ ಒಳಬಂದರೆ ತಟ್ಟನೆ ತಿಳಿಯುತ್ತದೆ. ಎದ್ದಾಗ ತಲೆ ಭಾರ. ನಾನು ದಿಂಬನ್ನು ಬೈದೆ, ಯಜಮಾನರು ನನ್ನ ಮೊಬೈಲ್ ನೋಡುವ ಚಟವನ್ನು ಬೈದರು. ಕಿಟಕಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅದು ರಾತ್ರಿಯಿಡೀ ತೆರೆದೇ ಇರುತ್ತಿತ್ತಲ್ಲ!

ಮಗ ರಜೆಗೆ ಬಂದಾಗ ಒಂದು ಪುಟ್ಟ ಮೀಟರ್ ತಂದಿದ್ದ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಮತ್ತು ಸೂಕ್ಷ್ಮ ಕಣ ಎರಡನ್ನೂ ತೋರಿಸುವಂಥದ್ದು. ತನ್ನ ಕೋಣೆಯಲ್ಲಿ ನೋಡಿ ಬೇಜಾರಾದ ಮೇಲೆ ನಮ್ಮ ಕೋಣೆಯಲ್ಲಿ ಇಟ್ಟ. ಬೆಳಿಗ್ಗೆ ಐದಕ್ಕೆ ನಾನು ಎದ್ದಾಗ ಅದರಲ್ಲಿ ಕಾರ್ಬನ್ ಡೈಆಕ್ಸೈಡ್ 1,240 ಎಂದಿತ್ತು, ಹಳದಿ ಬಣ್ಣದಲ್ಲಿ.

"ಕಿಟಕಿ ಹಾಕ್ಕೊಂಡು ಮಲಗಿದ್ರಾ ಅಮ್ಮ?"

"ಇಲ್ಲಪ್ಪ, ತೆಗೆದೇ ಇತ್ತು. ಬೇಕಾದ್ರೆ ನೋಡು."

ನೋಡಿದ. ಅಂಗೈಯನ್ನು ಜಾಲರಿಯ ಹತ್ತಿರ ಹಿಡಿದ. ಹೊರಗೆ ಮರದ ಎಲೆ ಅಲ್ಲಾಡುತ್ತಿತ್ತು, ಕೈಗೆ ಏನೂ ತಾಗಲಿಲ್ಲ. "ಇದು ತೆಗೆದಿರೋ ಕಿಟಕಿ ಅಲ್ಲಮ್ಮ, ಮುಚ್ಚಿರೋ ಕಿಟಕಿ. ಬೆಳಕು ಬರ್ತಿದೆ ಅಷ್ಟೇ," ಅಂದ.

ಆ ಸಂಖ್ಯೆಯ ಬಗ್ಗೆ ಸ್ವಲ್ಪ ಹೇಳಬೇಕು. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಈಗ ಹತ್ತು ಲಕ್ಷ ಭಾಗಕ್ಕೆ 420ರ ಮೇಲಿದೆ. ಮಲಗಿದ ಒಬ್ಬ ಮನುಷ್ಯ ಗಂಟೆಗೆ ಸುಮಾರು ಹನ್ನೆರಡು ಲೀಟರಿನಷ್ಟು ಅದನ್ನು ಉಸಿರಿನಲ್ಲಿ ಬಿಡುತ್ತಾನೆ. ನಮ್ಮದು ಹತ್ತು ಅಡಿಗೆ ಹನ್ನೊಂದು ಅಡಿ ಕೋಣೆ. ಅದನ್ನು ಪೂರ್ತಿ ಮುಚ್ಚಿ ಇಬ್ಬರು ಮಲಗಿದರೆ ಗಂಟೆಗೆ 800ರಷ್ಟು ಏರುತ್ತಾ ಹೋಗುತ್ತದೆ. ಈ ಮಟ್ಟದಲ್ಲಿ ಅದು ವಿಷವೇನಲ್ಲ. ಅದನ್ನು ನೋಡುವುದು ಬೇರೆ ಕಾರಣಕ್ಕೆ: ಕೋಣೆಯ ಗಾಳಿ ಎಷ್ಟು ಬದಲಾಗುತ್ತಿದೆ, ಎಷ್ಟು ಸಲ ಅದೇ ಗಾಳಿಯನ್ನು ಉಸಿರಾಡುತ್ತಿದ್ದೇವೆ ಎಂದು ತಿಳಿಯಲು ಅದೊಂದು ಗುರುತು. 1858ರಲ್ಲೇ ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿ, ವಾಸದ ಕೋಣೆಯಲ್ಲಿ ಇದು 1,000 ದಾಟಬಾರದು ಎಂದು ಹೇಳಿದ್ದ. ಮಗನ ಮೀಟರ್ ಹಳದಿಯಾಗುವುದೂ ಸಾವಿರಕ್ಕೇ. ಪೆಟೆನ್‌ಕೋಫರನ ಲೆಕ್ಕ ನೂರಾ ಅರವತ್ತು ವರ್ಷ ದಾಟಿಯೂ ಬಾಳುತ್ತಿದೆ ಎಂದು ಖುಷಿಯಾಯಿತು. ನಮ್ಮ ಕೋಣೆಯ ಬಗ್ಗೆ ಮಾತ್ರ ನಾಚಿಕೆಯಾಯಿತು.

ಮಗ ಊರಿಗೆ ಹೊರಟ, ಮೀಟರ್ ನನ್ನಲ್ಲೇ ಉಳಿಯಿತು (ಉಳಿಸಿಕೊಂಡೆ ಎನ್ನುವುದು ಸರಿ). ಅಟ್ಟದ ಡಬ್ಬಿಯಿಂದ ಪಿಕ್ ಗ್ಲಾಸ್ ತೆಗೆದೆ.

ಹಳೆಯ ಜಾಲರಿ ಇಂಚಿಗೆ ಒಂದು ಕಡೆ 18 ಎಳೆ, ಇನ್ನೊಂದು ಕಡೆ 16. ಸೊಳ್ಳೆ ತಡೆಯಲು ಎಲ್ಲೆಡೆ ಬಳಸುವ ಸಾಮಾನ್ಯ ಫೈಬರ್‌ಗ್ಲಾಸ್ ಜಾಲರಿಯ ನೇಯ್ಗೆ ಇದೇ. ಎಳೆಯ ದಪ್ಪ 0.28 ಮಿಲಿಮೀಟರ್. ಹಾಗಾದರೆ ಒಂದೊಂದು ಕಣ್ಣೂ ಸುಮಾರು 1.1ಕ್ಕೆ 1.3 ಮಿಲಿಮೀಟರ್. ಗುಣಿಸಿ ಭಾಗಿಸಿದರೆ, ಹೊಸದಾಗಿ ತೊಳೆದ ಜಾಲರಿಯಲ್ಲೂ ತೆರೆದ ಜಾಗ ಶೇ. 66 ಮಾತ್ರ. ಮೂರರಲ್ಲಿ ಒಂದು ಪಾಲು ಕಿಟಕಿ ಎಳೆಗಳಿಗೇ ಹೋಯಿತು. ಎಳೆಗೆ ಧೂಳು ಕೂತು ಅದರ ದಪ್ಪ ಅರ್ಧ ಮಿಲಿಮೀಟರ್ ಆಯಿತು ಅಂದುಕೊಳ್ಳಿ, ತೆರೆದ ಜಾಗ ಶೇ. 44ಕ್ಕೆ ಇಳಿಯುತ್ತದೆ. ನನ್ನ ಎರಡನೇ ಪದರದ್ದು 20ಕ್ಕೆ 20 ಎಳೆ, ತೊಳೆದಿದ್ದರೂ ಶೇ. 61. ಎರಡನ್ನೂ ಒಂದರ ಹಿಂದೆ ಒಂದು ಇಟ್ಟರೆ ಶೇ. 40. ಅದರ ಮೇಲೆ ಎರಡು ವರ್ಷದ ಸಿಮೆಂಟು ಧೂಳು, ನೂಲಿನ ಜುಂಗು, ಸತ್ತ ಹುಳ, ಜೇಡರ ಬಲೆ. ಗ್ಲಾಸಿನೊಳಗೆ ನೋಡಿದರೆ ಕೆಲವು ಕಣ್ಣುಗಳು ಪೂರ್ತಿ ಕಟ್ಟಿಹೋಗಿದ್ದವು. ಪ್ರತಿ ಎಳೆಗೂ ಗಡ್ಡ ಬೆಳೆದಿತ್ತು. ಗಿರಣಿಯಲ್ಲಿ ಇಂಥ ನೂಲು ಬಂದಿದ್ದರೆ ಇಡೀ ಲಾಟನ್ನೇ ವಾಪಸ್ ಕಳಿಸುತ್ತಿದ್ದೆ.

ಕಿಟಕಿಗೂ ಗಾಳಿಗೂ ನಡುವೆ ಎಷ್ಟು ನಾಜೂಕಾದ ವ್ಯವಹಾರ ಇದೆ ಎಂದು ಗೊತ್ತಾದದ್ದು ಇನ್ನೊಂದು ಲೆಕ್ಕದಿಂದ. ಸೆಕೆಂಡಿಗೆ ಎರಡು ಮೀಟರ್ ವೇಗದ ಗಾಳಿ, ಅಂದರೆ ಮುಖಕ್ಕೆ ಹಿತವಾಗಿ ತಾಗುವ ಸಣ್ಣ ಗಾಳಿ, ಕಿಟಕಿಯನ್ನು ಒತ್ತುವುದು 2.4 ಪ್ಯಾಸ್ಕಲ್ ಒತ್ತಡದಿಂದ. ಅದು ಎಷ್ಟು? ನಮ್ಮ ಕಡೆ ಬಟ್ಟೆಯನ್ನೂ ಕಾಗದವನ್ನೂ ಜಿಎಸ್‌ಎಂನಲ್ಲಿ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ತೂಗುತ್ತಾರೆ. ಜೆರಾಕ್ಸ್ ಅಂಗಡಿಯ ಸಾಮಾನ್ಯ ಹಾಳೆ 80 ಜಿಎಸ್‌ಎಂ. ಅಂಥ ಮೂರು ಹಾಳೆಯನ್ನು ಅಂಗೈಯಷ್ಟಗಲಕ್ಕೆ ಕತ್ತರಿಸಿ ಅಂಗೈ ಮೇಲೆ ಇಟ್ಟುಕೊಂಡರೆ ಎಷ್ಟು ಭಾರವೋ ಅಷ್ಟೇ ಆ ಗಾಳಿಯ ಒತ್ತು. ವೇಗ ಅರ್ಧವಾದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ, ಒಂದು ಹಾಳೆಯಷ್ಟೂ ಇಲ್ಲ. ರಾತ್ರಿ ನಮ್ಮ ಕೋಣೆಗೆ ಹೊಸ ಗಾಳಿ ತರಬೇಕಾದದ್ದು ಇಷ್ಟು ಬಡಪಾಯಿ ಬಲ. ಅದರ ದಾರಿಗೆ ನಾನು ಎರಡು ಪದರ ಬಟ್ಟೆ ಕಟ್ಟಿದ್ದೆ. ಗಾಳಿ ಜೋರಾಗಿದ್ದಾಗ ಜಾಲರಿಯ ಅಡ್ಡಿ ಅಷ್ಟಾಗಿ ಕಾಣುವುದಿಲ್ಲ. ನಿಧಾನವಾದಷ್ಟೂ ಗಾಳಿ ಎಳೆಗಳನ್ನು ಸವರಿಕೊಂಡು ತೆವಳಬೇಕು, ನಷ್ಟದ ಪಾಲು ಹೆಚ್ಚುತ್ತದೆ. ಅಂದರೆ ಗಾಳಿ ಬೇಕೇ ಬೇಕಾದ ಸೆಖೆಯ ರಾತ್ರಿಯಲ್ಲೇ ಜಾಲರಿ ಹೆಚ್ಚು ಕಸಿದುಕೊಳ್ಳುತ್ತದೆ.

ಲೆಕ್ಕ ನಂಬದ ಯಜಮಾನರಿಗಾಗಿ ದಾರ ಕಟ್ಟಿದೆ. ಕಿಟಕಿಯ ಚೌಕಟ್ಟಿನ ಒಳಬದಿಗೆ, ಮೇಲಿನಿಂದ ಗೇಣುದ್ದದ ನಾಲ್ಕು ಹತ್ತಿ ನೂಲು, ಟೇಪು ಹಚ್ಚಿ. ಎರಡೂ ಪದರ ಇದ್ದಾಗ ನಾಲ್ಕೂ ಗೋಡೆಗೆ ಬಡಿದ ಮೊಳೆಯ ಹಾಗೆ ನೆಟ್ಟಗೆ ನಿಂತಿದ್ದವು. ಒಳಗಿನ ಪದರವನ್ನು ಪರ್ ಎಂದು ಕಿತ್ತೆ. ತುದಿಗಳು ಸ್ವಲ್ಪ ನಡುಗಿದವು. ಹಳೆಯದನ್ನೂ ತೆಗೆದೆ. ನಾಲ್ಕೂ ಒಟ್ಟಿಗೆ ಕೋಣೆಯ ಕಡೆ ವಾಲಿದವು. ಯಜಮಾನರು ಪೇಪರ್ ಕೆಳಗಿಟ್ಟು ನೋಡಿದರು. ಏನೂ ಹೇಳಲಿಲ್ಲ. ಎದ್ದು ಬಂದು ತಾವೇ ಒಂದು ದಾರ ಮುಟ್ಟಿ ನೋಡಿ ಹೋದರು.

ಗಾಳಿ ದಿನಾ ಒಂದೇ ಥರ ಇರುವುದಿಲ್ಲ, ಒಂದು ರಾತ್ರಿಯ ಸಂಖ್ಯೆ ನಂಬಬಾರದು ಎಂದು ಪ್ರತಿಯೊಂದು ರೀತಿಯನ್ನೂ ಮೂರು ಮೂರು ರಾತ್ರಿ ನೋಡಿದೆ. ಎರಡು ಕೊಳೆ ಪದರಕ್ಕೆ ಬೆಳಗಿನ ಜಾವ 1,200ರ ಆಸುಪಾಸು. ಒಂದೇ ಪದರ, ತೊಳೆದದ್ದು: 760, 810, 740. ಜಾಲರಿಯೇ ಇಲ್ಲದೆ 640ರ ಸುತ್ತ, ಜೊತೆಗೆ ಮೈತುಂಬ ಸೊಳ್ಳೆ ಕಡಿತ. ಮೂರನೇ ರಾತ್ರಿ ಯಜಮಾನರು ದಿಂಬು ಎತ್ತಿಕೊಂಡು ಹಾಲಿಗೆ ಹೋದರು, ಆದ್ದರಿಂದ ಆ ರಾತ್ರಿಯ ಸಂಖ್ಯೆಯನ್ನು ಬಿಟ್ಟುಬಿಟ್ಟಿದ್ದೇನೆ. ತಮಾಷೆಯೆಂದರೆ ಎಲ್ಲಕ್ಕಿಂತ ಕಡಿಮೆ ಬಂದದ್ದು ತೊಳೆದ ಜಾಲರಿ ಹಾಕಿ, ಕೋಣೆಯ ಬಾಗಿಲು ತೆರೆದು, ಹಾಲಿನ ಕಿಟಕಿಯನ್ನೂ ತೆಗೆದಿಟ್ಟಾಗ. 550. ಗಾಳಿಗೆ ಒಳಬರುವ ಬಾಗಿಲಷ್ಟೇ ಸಾಲದು, ಹೊರಹೋಗುವ ಬಾಗಿಲೂ ಬೇಕು. ಜಾಲರಿಯ ಮೇಲೆ ಇಷ್ಟೆಲ್ಲ ಸಿಟ್ಟು ಮಾಡಿಕೊಂಡವಳು ಇದನ್ನು ಮೊದಲೇ ಮಾಡಿ ನೋಡಬಹುದಿತ್ತು.

ಇನ್ನು ಧೂಳಿನ ವಿಷಯ, ನಾನು ಎರಡನೇ ಪದರ ಹಾಕಿದ್ದೇ ಅದಕ್ಕಲ್ಲವೇ. ಒಂದು ಸಂಜೆ ಹತ್ತಿರದಲ್ಲಿ ಯಾರೋ ಒಣ ಎಲೆಯ ರಾಶಿಗೆ ಬೆಂಕಿ ಹಚ್ಚಿದ್ದರು. ಆಗಿನ್ನೂ ಹಾಲಿನ ಕಿಟಕಿಗೆ ಹಳೆಯ ಕೊಳೆ ಜಾಲರಿಯೇ ಇತ್ತು. ಮೀಟರನ್ನು ಹೊರಗೆ ಹಿಡಿದಾಗ ಪಿಎಂ 2.5 ಎನ್ನುವ ಸೂಕ್ಷ್ಮ ಕಣ ಘನ ಮೀಟರ್ ಗಾಳಿಗೆ 140 ಮೈಕ್ರೊಗ್ರಾಂ. ಅರ್ಧ ಗಂಟೆಯಲ್ಲಿ ಹಾಲಿನೊಳಗೂ 118. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿರುವ ಮಿತಿ ಇಪ್ಪತ್ನಾಲ್ಕು ಗಂಟೆಯ ಸರಾಸರಿಗೆ 15. ನನ್ನ ಕೊಳೆ ಜಾಲರಿ ಆ ಹೊಗೆಯನ್ನು ತಡೆಯಲು ಏನೂ ಮಾಡಿರಲಿಲ್ಲ. ಮಾಡುವುದಾದರೂ ಹೇಗೆ? ಆ ಕಣಗಳ ಗಾತ್ರ 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕದು (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಜಾಲರಿಯ ಕಣ್ಣು 1,100 ಮೈಕ್ರಾನ್. ನಾನೂರು ಪಟ್ಟು! ಹೂವಿನ ಪರಾಗ ದೊಡ್ಡದು, 10ರಿಂದ 100 ಮೈಕ್ರಾನ್ ಇರುತ್ತದೆ, ಅದೂ ಇದರಲ್ಲಿ ಸಲೀಸಾಗಿ ತೂರುತ್ತದೆ. ಎಳೆಗೆ ಸಿಕ್ಕುವುದು ನೂಲಿನ ಜುಂಗು, ಕೂದಲು, ಹುಳ, ಹಾಗೂ ನೇರವಾಗಿ ಹೋಗಿ ಎಳೆಗೇ ಬಡಿದ ದಪ್ಪ ಧೂಳು. ಬೆರಳಿಗೆ ಹತ್ತುತ್ತಿದ್ದ ಕಪ್ಪು ಅದೇ. ಅದು ಹೇಗಿದ್ದರೂ ಮೂಗಿನ ಕೂದಲಿಗೋ ಮೇಜಿನ ಮೇಲೋ ಬಂದು ಕೂರುತ್ತಿದ್ದ ಮಾಲು. ಶ್ವಾಸಕೋಶದ ಆಳಕ್ಕೆ ಇಳಿಯುವುದು ಕಣ್ಣಿಗೂ ಕಾಣದು, ಬೆರಳಿಗೂ ಹತ್ತದು.

ಹಾಗಾದರೆ ಏರ್ ಪ್ಯೂರಿಫೈಯರ್ ಹೇಗೆ ಹಿಡಿಯುತ್ತದೆ? ಅಲ್ಲಿರುವುದು ಜರಡಿಯಲ್ಲ, ಮಡಿಕೆ ಮಡಿಕೆಯಾಗಿ ಕೂರಿಸಿದ ಅಡ್ಡಾದಿಡ್ಡಿ ನಾರಿನ ಹಾಸು. ಕಣ ದಾರಿ ತಪ್ಪಿ ಯಾವುದಾದರೂ ನಾರಿಗೆ ತಾಗಿದರೆ ಅಂಟಿಕೊಳ್ಳುತ್ತದೆ. ಹೆಪಾ ದರ್ಜೆಯದ್ದು 0.3 ಮೈಕ್ರಾನಿನ ಕಣಗಳಲ್ಲಿ ಶೇ. 99.97ನ್ನು ಹಿಡಿಯಬೇಕು ಎಂಬ ಲೆಕ್ಕವಿದೆ. ಆದರೆ ಅಂಥ ಹಾಸಿನೊಳಗೆ ಗಾಳಿ ನುಗ್ಗಿಸಲು ಫ್ಯಾನ್ ಬೇಕು, ನೂರಾರು ಪ್ಯಾಸ್ಕಲ್ ಒತ್ತಡ ಬೇಕು. ಕಿಟಕಿಗೆ ಬರುವ ಮೂರು ಹಾಳೆ ಭಾರದ ಗಾಳಿಗೆ ಅದು ಗೋಡೆಯೇ. ಕಣವನ್ನೂ ಹಿಡಿದು ಗಾಳಿಯನ್ನೂ ಬಿಡುವ ಜಾಲರಿ ಮಾಡುವ ಪ್ರಯತ್ನ ನಡೆದಿದೆ. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಯಿ ಚುಯಿ ಅವರ ತಂಡ ಪಾಲಿಅಕ್ರಿಲೊನೈಟ್ರೈಲ್ ಎಂಬ ಪಾಲಿಮರ್‌ನ ನ್ಯಾನೊ ನಾರುಗಳಿಂದ ಪಾರದರ್ಶಕ ಸೋಸುಪರದೆ ಮಾಡಿ ತೋರಿಸಿತು. ಶೇ. 90ರಷ್ಟು ಬೆಳಕು ಬಿಡುತ್ತಾ ಶೇ. 95ಕ್ಕಿಂತ ಹೆಚ್ಚು ಸೂಕ್ಷ್ಮ ಕಣ ಹಿಡಿಯಿತಂತೆ. ನಾವೆಲ್ಲ ಅಕ್ರಿಲಿಕ್ ನೂಲು ಎಂದು ಸ್ವೆಟರ್ ಹೆಣೆಯುವುದೂ ಅದೇ ಪಾಲಿಮರ್‌ನಿಂದ. ಓದಿ ಸ್ವಲ್ಪ ಹೆಮ್ಮೆಯೇ ಆಯಿತು. ಆದರೂ ಹಿಡಿದ ಕೊಳೆ ಎಲ್ಲಿ ಹೋಗಬೇಕು ಎಂಬ ಪ್ರಶ್ನೆ ಅಲ್ಲೂ ತಪ್ಪಿದ್ದಲ್ಲ.

ಇಷ್ಟಾದ ಮೇಲೆ ಮನೆಯ ಉಳಿದ ಜಾಲರಿಗಳ ಮೇಲೂ ಕಣ್ಣು ಬಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಿಂದೆ ಸಿಕ್ಕಿತು. ಹಲ್ಲಿ ಬರುತ್ತದೆಂದು ಯಜಮಾನರು ಯಾವುದೋ ಕಾಲದಲ್ಲಿ ಹೊರಗಡೆಯಿಂದ ಜಾಲರಿ ಕಟ್ಟಿ ಮರೆತಿದ್ದರು. ಎಣ್ಣೆಯ ಆವಿ ಮೊದಲು ಎಳೆಗೆ ಕೂತು ಜಿಡ್ಡಾಗುತ್ತದೆ, ಆ ಜಿಡ್ಡಿಗೆ ಧೂಳು ಹತ್ತುತ್ತದೆ, ಅದರ ಮೇಲೆ ಮತ್ತೆ ಜಿಡ್ಡು. ಬಿಚ್ಚಿದಾಗ ಅದು ಜಾಲರಿಯಾಗಿ ಉಳಿದಿರಲಿಲ್ಲ, ಕಂದು ಬಣ್ಣದ ರಟ್ಟಾಗಿತ್ತು. ಫ್ಯಾನ್ ಮಾತ್ರ ಇಷ್ಟು ದಿನ ಗರ್ರೆಂದು ತಿರುಗುತ್ತಲೇ ಇತ್ತು, ನಾವೂ ಹೊಗೆ ಹೋಗುತ್ತಿದೆ ಎಂದೇ ತಿಳಿದಿದ್ದೆವು. ಈಗ ನನ್ನದೊಂದು ಸುಲಭ ಪರೀಕ್ಷೆ ಇದೆ. ಫ್ಯಾನ್ ಹಾಕಿ, ಒಳಗಿನ ಗ್ರಿಲ್ ಮುಂದೆ ಒಂದು ಟಿಶ್ಯೂ ಹಾಳೆ ಹಿಡಿದು ಬಿಡುವುದು. ಅಂಟಿ ನಿಂತರೆ ಸರಿ. ಆ ದಿನ ಹಾಳೆ ಸೀದಾ ಒಲೆಯ ಮೇಲೆ ಬಿತ್ತು (ಒಲೆ ಆರಿಸಿತ್ತು, ಗಾಬರಿ ಬೇಡ). ಕರಿಯುವಾಗ, ಹುರಿಯುವಾಗ ಏಳುವ ಸೂಕ್ಷ್ಮ ಕಣ, ಗ್ಯಾಸ್ ಉರಿಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್, ಇವೆಲ್ಲ ಮನೆಯೊಳಗೇ ಹುಟ್ಟುವ ಕೊಳೆ. ಕಿಟಕಿಯ ಜಾಲರಿಯಲ್ಲಿ ಹೊರಗಿನ ಧೂಳನ್ನು ತಡೆಯಲು ಹೊರಟವಳು, ಒಳಗಿನ ಹೊಗೆಯನ್ನು ಜಾಲರಿಯಿಂದಲೇ ಕೂಡಿಹಾಕಿದ್ದೆ. ಅಲ್ಲಿಗೀಗ ಜಾಲರಿ ಇಲ್ಲ. ಫ್ಯಾನ್ ನಿಂತಾಗ ತಾನೇ ಮುಚ್ಚಿಕೊಳ್ಳುವ ರೆಕ್ಕೆಗಳ ಮುಚ್ಚಳ ಹಾಕಿಸಿದ್ದೇವೆ.

ಇದನ್ನೆಲ್ಲ ಓದಿ ಯಾರೂ ಜಾಲರಿ ಕಿತ್ತು ಬಿಸಾಡಬೇಡಿ. ನಮ್ಮ ಮನೆಗೆ ಜಾಲರಿ ಬರುವ ಮುಂಚೆ ಸಂಜೆಯಾದ ಕೂಡಲೇ ಎಲ್ಲ ಕಿಟಕಿ ಮುಚ್ಚಿ ಒಳಗೆ ಸೊಳ್ಳೆ ಬತ್ತಿ ಹಚ್ಚುತ್ತಿದ್ದೆವು. ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಪಿಎಂ 2.5, ಬತ್ತಿಯ ಬಗೆಯನ್ನು ನೋಡಿಕೊಂಡು, 75ರಿಂದ 137 ಸಿಗರೇಟು ಸುಟ್ಟಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಕೂಸಾಗಿದ್ದ ಮಗನನ್ನು ಆ ಕೋಣೆಯಲ್ಲೇ ಮಲಗಿಸುತ್ತಿದ್ದೆವು. ಜಾಲರಿ ನಮ್ಮ ಮನೆಯ ಗಾಳಿಗೆ ಮಾಡಿದ ನಿಜವಾದ ಉಪಕಾರ ಅಲ್ಲಿದೆ. ಅದು ಏನನ್ನೂ ಸೋಸಲಿಲ್ಲ. ಬತ್ತಿ ಹಚ್ಚದೆ, ಕಿಟಕಿ ಮುಚ್ಚದೆ ಮಲಗುವ ಅನುಕೂಲ ಮಾಡಿಕೊಟ್ಟಿತು.

ಇದಕ್ಕೊಂದು ಹಳೆಯ ಕಥೆ ಇದೆ. ಮಲೇರಿಯಾ ಎಂಬ ಹೆಸರಿನ ಅರ್ಥವೇ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ. ಜೌಗು ನೆಲದ ರಾತ್ರಿ ಗಾಳಿಯಿಂದಲೇ ಜ್ವರ ಬರುತ್ತದೆಂದು ನಂಬಿ ಜನ ಕಿಟಕಿ ಮುಚ್ಚುತ್ತಿದ್ದರು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡ. ಆಮೇಲೆ 1900ರಲ್ಲಿ ಬ್ರಿಟಿಷ್ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಹೂಡಿದ ಪ್ರಯೋಗದಲ್ಲಿ ಸಾಂಬೋನ್ ಮತ್ತು ಲೋ ಎಂಬ ವೈದ್ಯರು ರೋಮ್ ಹತ್ತಿರದ ಓಸ್ಟಿಯಾದ ಜೌಗಿನಲ್ಲಿ, ಕಿಟಕಿ ಬಾಗಿಲಿಗೆಲ್ಲ ತಂತಿ ಜಾಲರಿ ಹೊದಿಸಿದ ಗುಡಿಸಿಲಲ್ಲಿ ಜ್ವರದ ಕಾಲವಿಡೀ ಇದ್ದರು. ಕತ್ತಲಾಗುವ ಮುಂಚೆ ಒಳಗೆ ಸೇರಿಕೊಳ್ಳುವುದು, ಅದೇ ಕೆಟ್ಟ ಗಾಳಿಯನ್ನೇ ಉಸಿರಾಡುವುದು. ಇಬ್ಬರಿಗೂ ಜ್ವರ ಬರಲಿಲ್ಲ. ಗಾಳಿಯನ್ನು ಬಿಟ್ಟು ಸೊಳ್ಳೆಯನ್ನು ತಡೆಯುವುದು, ಜಾಲರಿಗೆ ಬರುವುದು ಅದೊಂದೇ ವಿದ್ಯೆ. ನಾನು ಅದರಿಂದ ಇನ್ನೇನೋ ಕೆಲಸ ತೆಗೆಯಲು ಹೋಗಿ ಇದ್ದೊಂದು ವಿದ್ಯೆಯನ್ನೂ ಕೆಡಿಸಿದ್ದೆ.

ತೊಳೆಯುವುದರಲ್ಲೂ ಮೊದಲ ಸಲ ಎಡವಿದೆ. ಕಿಟಕಿಯಲ್ಲಿದ್ದಂತೆಯೇ ಒಣ ಪೊರಕೆಯಲ್ಲಿ ಬಡಿದೆ. ಮೀಟರ್ ಕೂಡಲೇ ಕೆಂಪಾಯಿತು, ನನಗೆ ಹತ್ತು ನಿಮಿಷ ಸೀನು. ಎರಡು ವರ್ಷ ಎಳೆಯ ಮೇಲೆ ಸುಮ್ಮನೆ ಕೂತಿದ್ದ ಧೂಳನ್ನು ನಾನೇ ಕೋಣೆಗೆ ಕರೆದೆ. ಈಗ ಬಿಚ್ಚಿ ಹೊರಗೆ ಒಯ್ಯುತ್ತೇನೆ. ನೆಲದ ಮೇಲೆ ಹರಡಿ, ಮೊದಲು ನೀರು ಚಿಮುಕಿಸಿ ಧೂಳು ಅಡಗಿಸಿ, ಆಮೇಲೆ ಸೋಪಿನ ನೀರಲ್ಲಿ ಮೆತ್ತನೆಯ ಬ್ರಷ್, ಹಾಸಿನ ಉದ್ದಕ್ಕೆ ಒಮ್ಮೆ, ಹೊಕ್ಕಿನ ಉದ್ದಕ್ಕೆ ಒಮ್ಮೆ. ಗಸಗಸ ತಿಕ್ಕಬಾರದು, ಬಿಸಿಲಿಗೆ ಒಣಗಿದ ಪಿವಿಸಿ ಲೇಪ ಉದುರಿ ಒಳಗಿನ ಗಾಜಿನ ನಾರು ಬಿಟ್ಟುಕೊಳ್ಳುತ್ತದೆ. ಹಾಗೆ ಪುಡಿಯಾಗಲು ಶುರುವಾದದ್ದನ್ನು ಬದಲಿಸುವುದೇ ಲೇಸು. ಒದ್ದೆಯಾಗಿದ್ದಾಗಲೇ ಕಿಟಕಿಗೆ ಹಾಕಿದರೂ ಗಾಳಿ ಬರುವುದಿಲ್ಲ, ಪ್ರತಿ ಕಣ್ಣಿನಲ್ಲೂ ನೀರಿನ ತೆಳು ಪೊರೆ ಕಟ್ಟಿಕೊಂಡಿರುತ್ತದೆ. ಮಳೆ ಹೊಡೆದ ರಾತ್ರಿ ಹೊರಗೆ ತಂಪಿದ್ದರೂ ಒಳಗೆ ಉಸಿರುಗಟ್ಟಿದಂತಾಗುವುದಕ್ಕೆ ಇದೂ ಒಂದು ಕಾರಣ. ಒಳಗಿನಿಂದ ಅಂಗೈಯಲ್ಲಿ ಪಟಪಟ ತಟ್ಟಿದರೆ ಪೊರೆ ಒಡೆದು ನೀರು ಹೊರಕ್ಕೆ ಹಾರುತ್ತದೆ.

ಎಲ್ಲೋ ಎಲೆ ಸುಟ್ಟಾಗ, ಹೊರಗಿನ ಗಾಳಿಯೇ ಕೆಟ್ಟಿದ್ದಾಗ ಏನು ಮಾಡುತ್ತೀ ಎಂದು ಮಗ ಕೇಳಿದ. ಕಿಟಕಿಯ ಗಾಜನ್ನೇ ಹಾಕುತ್ತೇನೆ. ಹೊಗೆ ಕಳೆದ ಮೇಲೆ ತೆರೆಯುತ್ತೇನೆ. ಕಿಟಕಿಗೆ ಗಾಜು ಇರುವುದು ಅದಕ್ಕೇ ತಾನೇ.

ವೆಲ್ಕ್ರೋ ಹೊಲಿದ ಎರಡನೇ ಪದರವನ್ನು ಎಸೆಯಲು ಮನಸ್ಸಾಗಲಿಲ್ಲ, ಹೊಲಿಗೆ ಅಷ್ಟು ಚೆನ್ನಾಗಿತ್ತು. ಕತ್ತರಿಸಿ ನೀರಿನ ತೊಟ್ಟಿಯ ಬಾಯಿಗೆ ಕಟ್ಟಿದ್ದೇನೆ. ನಾಲ್ಕು ದಾರ ಇನ್ನೂ ಕಿಟಕಿಯಲ್ಲೇ ಇವೆ. ಮೊನ್ನೆ ರಾತ್ರಿ ಸೆಖೆಗೆ ಹೊರಳಾಡುತ್ತಾ, ಜಾಲರಿ ತೊಳೆದು ತಿಂಗಳಾಯಿತೇನೋ, ಎದ್ದು ಮೀಟರ್ ನೋಡಲೇ ಎಂದು ಗೊಣಗುತ್ತಿದ್ದೆ. ಯಜಮಾನರು ಟಾರ್ಚ್ ಹಾಕಿ ಕಿಟಕಿಯ ಕಡೆ ಬಿಟ್ಟರು.

"ಮೂರು ದಾರ ಅಲ್ಲಾಡ್ತಿದೆ. ಮಲಕ್ಕೋ."